ಎಲ್ಲರೂ ಫ್ಲಾಪ್ ನೋಡುವ ಒಮಾಹಾ ಆಟ: ಎದುರಾಳಿಯ ತಪ್ಪಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಸಮೀಪದ ಅಡಿಕೆ ಬೆಳೆಗಾರ. ಮಳೆಗಾಲದಲ್ಲಿ ವಾರಕ್ಕೊಂದು ಸಂಜೆ ನಾವು ಆರು ಮಂದಿ ಸ್ನೇಹಿತರು ಒಬ್ಬರ ಮನೆಯ ಜಗಲಿಯಲ್ಲಿ ಕುಳಿತು ಪಾಟ್ ಲಿಮಿಟ್ ಒಮಾಹಾ ಆಡುತ್ತೇವೆ (ಕೈಗೆ ನಾಲ್ಕು ಎಲೆ ಹಂಚುವ ಪೋಕರ್; ಒಮ್ಮೆಗೆ ಹೆಚ್ಚೆಂದರೆ ಪಾಟ್, ಎಂದರೆ ಮೇಜಿನ ಮೇಲೆ ಸೇರಿದ ಹಣದಷ್ಟು ಕಟ್ಟಬಹುದು). ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಇಡುವ ಹಣ) 5 ಮತ್ತು 10 ರೂಪಾಯಿ, ತಲೆಗೆ 1,000 ರೂಪಾಯಿಯ ಚಿಪ್ಸ್. ಮೊದಲು ರಮ್ಮಿ, ಆಮೇಲೆ ಟೆಕ್ಸಸ್ ಹೋಲ್ಡೆಮ್ ಆಡುತ್ತಿದ್ದೆವು. ಒಮಾಹಾ ಶುರುವಾಗಿ ಒಂದು ವರ್ಷವಾಯಿತು. ಉಳಿದ ಐವರೂ ಯಾವ ಎಲೆ ಬಂದರೂ ಬಿಡುವುದಿಲ್ಲ, ಕಾಲ್ ಮಾಡುತ್ತಲೇ (ಎದುರಾಳಿ ಕಟ್ಟಿದಷ್ಟನ್ನೇ ಕಟ್ಟಿ ಮುಂದುವರಿಯುತ್ತಲೇ) ಹೋಗುತ್ತಾರೆ. ಅಭ್ಯಾಸ ಮಾಡಿ ಆಡುವ ನಾನೇ ಹೆಚ್ಚು ಸೋಲುತ್ತಿದ್ದೇನೆ. ಕಳೆದ ವಾರ ನನಗೆ ಎರಡು ಎಕ್ಕ, ಒಂದು ರಾಜ, ಒಂದು ನಾಲ್ಕು ಬಂದಿದ್ದವು, ನಾಲ್ಕೂ ಬೇರೆ ಬೇರೆ ಜಾತಿ. 50 ರೂಪಾಯಿಗೆ ರೇಸ್ ಮಾಡಿದೆ (ಏರಿಸಿದೆ), ಐವರೂ ಬಂದರು. ಫ್ಲಾಪ್ (ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆ) 9, 8, 2, ಅವೂ ಮೂರು ಜಾತಿಯವು. ಪಾಟ್‌ನಷ್ಟೇ, ಅಂದರೆ 300 ಕಟ್ಟಿದೆ. ಒಬ್ಬರು ಮಾತ್ರ ಗುಲಾಮ, 10, 7, 6 ಹಿಡಿದು ಕಾಲ್ ಮಾಡಿದರು. ಟರ್ನ್‌ನಲ್ಲಿ ನಾಲ್ಕನೆಯ ಎಲೆಯಾಗಿ 3 ಬಂತು. ಉಳಿದ 650 ರೂಪಾಯಿಯನ್ನೂ ಇಟ್ಟೆ, ಅದಕ್ಕೂ ಕಾಲ್ ಬಂತು. ರಿವರ್‌ನಲ್ಲಿ ಐದನೆಯ, ಕೊನೆಯ ಎಲೆಯಾಗಿ ರಾಣಿ ಬಿದ್ದು ಅವರ ಸ್ಟ್ರೇಟ್ (ಕ್ರಮವಾಗಿ ಬರುವ ಐದು ಎಲೆ) ಆಯಿತು. ಇಂಥ ತಪ್ಪುಗಳಿಂದ ಲಾಭ ಪಡೆಯುವುದು ಹೇಗೆ? ಈಗ ಐದು ಎಲೆಯ ಒಮಾಹಾ ಆಡೋಣ ಎನ್ನುತ್ತಿದ್ದಾರೆ, ಒಪ್ಪಿಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎಲೆಗಳ ವಿವರ ಇಷ್ಟು ಸ್ಪಷ್ಟವಾಗಿ ಇರುವುದರಿಂದ ಆ ಕೈಯಿಂದಲೇ ಆರಂಭಿಸುತ್ತೇನೆ. ನೀವು ಕೇಳಿರುವ ಪ್ರಶ್ನೆಯ ಮುಖ್ಯ ಉತ್ತರ ಅದರೊಳಗೇ ಇದೆ.

ಫ್ಲಾಪ್ ಬಿದ್ದ ಕ್ಷಣದಲ್ಲಿ ನಿಮ್ಮ ಸ್ನೇಹಿತರ ಕೈಯಲ್ಲಿ ಒಂದು ಜೋಡಿಯೂ ಇರಲಿಲ್ಲ ಎಂಬುದು ನಿಜ. ಆದರೆ ಮೇಜಿನ ಮೇಲೆ 9 ಮತ್ತು 8 ಇರುವಾಗ ಗುಲಾಮ, 10, 7, 6 ಹಿಡಿದವರಿಗೆ ಯಾವ ಯಾವ ಎಲೆ ಸ್ಟ್ರೇಟ್ ಕೊಡುತ್ತದೆ ಎಂದು ಒಂದೊಂದಾಗಿ ಎಣಿಸಿ ನೋಡಿ. ರಾಣಿ ನಾಲ್ಕು, ಐದು ನಾಲ್ಕು; ಗುಲಾಮ, 10, 7, 6 ಇವುಗಳಲ್ಲಿ ತಲಾ ಮೂರು. ಒಟ್ಟು 20 ಎಲೆ. ನಾಲ್ಕು ಎಲೆಯ ಒಮಾಹಾದಲ್ಲಿ ಸ್ಟ್ರೇಟ್‌ಗಾಗಿ ಕಾಯುವ ಕೈಗೆ ಸಿಗಬಹುದಾದ ಅತಿ ಹೆಚ್ಚು ಔಟ್ಸ್ (ಬಂದರೆ ಕೈ ಪೂರ್ಣವಾಗುವ ಎಲೆಗಳು) ಇಷ್ಟೇ. ಇದನ್ನೇ ಆಟಗಾರರು ರ್‍ಯಾಪ್ ಎನ್ನುತ್ತಾರೆ. ನಿಮ್ಮಿಬ್ಬರ ಎಂಟು ಎಲೆ ಮತ್ತು ಫ್ಲಾಪ್‌ನ ಮೂರು ಎಲೆ ಕಳೆದರೆ ಉಳಿಯುವುದು 41. ಬರಬೇಕಾದ ಎರಡು ಎಲೆಗಳಲ್ಲಿ ಆ 20ರ ಪೈಕಿ ಒಂದಾದರೂ ಬೀಳುವ ಸಾಧ್ಯತೆ ನೂರಕ್ಕೆ 74. ಬಿದ್ದಿತೆಂದರೆ ನಿಮಗೆ ಅದನ್ನು ಮೀರುವ ದಾರಿಯೇ ಇರಲಿಲ್ಲ, ಏಕೆಂದರೆ ಫುಲ್ ಹೌಸ್ (ಒಂದೇ ಬಗೆಯ ಮೂರು ಎಲೆ, ಜೊತೆಗೆ ಒಂದು ಜೋಡಿ) ಆಗಬೇಕಾದರೆ ನಿಮಗೆ ಬರಬೇಕಾದ ಎರಡು ಎಲೆಗಳೂ ಬೇಕಿದ್ದವು. ಅಂದರೆ ಎರಡು ಎಕ್ಕ ಹಿಡಿದು 300 ರೂಪಾಯಿ ಕಟ್ಟಿದಾಗ ನಾಲ್ಕರಲ್ಲಿ ಮೂರು ಪಾಲು ಹಿಂದಿದ್ದವರು ನೀವು. ಟರ್ನ್‌ನಲ್ಲಿ ನಿರುಪಯೋಗಿ 3 ಬಿದ್ದ ಮೇಲೂ ಉಳಿದ 40 ಎಲೆಗಳಲ್ಲಿ 20 ಅವರವು, ಆಟ ಸರಿ ಅರ್ಧ. 650 ಇಟ್ಟು ಒಟ್ಟು 2,200 ರೂಪಾಯಿಯ ಪಾಟ್ ಗೆಲ್ಲಲು ಅವರಿಗೆ ಬೇಕಾಗಿದ್ದ ಸಾಧ್ಯತೆ ನೂರಕ್ಕೆ 30ರಷ್ಟು ಮಾತ್ರ, ಇದ್ದದ್ದು 50. ಅವರ ಎರಡು ಕಾಲ್‌ಗಳೂ ಸರಿಯಾಗಿದ್ದವು. ಆ ಕೈಯಲ್ಲಿ ಅವರು ಮಾಡಿದ ತಪ್ಪು ಒಂದೇ: ಫ್ಲಾಪ್‌ನಲ್ಲೇ ರೇಸ್ ಮಾಡದೆ ಸುಮ್ಮನೆ ಕಾಲ್ ಮಾಡಿದ್ದು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹೋಲ್ಡೆಮ್‌ನಿಂದ ಬಂದವರು ಎದುರಾಳಿಯ ತಪ್ಪು ಎಂದು ಗುರುತು ಹಾಕಿಕೊಂಡಿರುವುದರಲ್ಲಿ ಬಹಳಷ್ಟು ಒಮಾಹಾದಲ್ಲಿ ತಪ್ಪೇ ಅಲ್ಲ. ನಿಜವಾದ ತಪ್ಪುಗಳು ಬೇರೆ ಕಡೆ ಇವೆ, ಮತ್ತು ಅವುಗಳಲ್ಲಿ ಅನೇಕವನ್ನು ನಾವೂ ಮಾಡುತ್ತಿರುತ್ತೇವೆ. ಸಣ್ಣ ಮೊತ್ತದ ಒಮಾಹಾದಲ್ಲಿ ಲಾಭ ಬರುವುದು ಚಾಣಾಕ್ಷತನದಿಂದಲ್ಲ. ಎರಡನೆಯ ಉತ್ತಮ ಕೈಗೆ ಹಣ ಕಟ್ಟುವುದೇ ಅಲ್ಲಿನ ಮೂಲ ತಪ್ಪು. ಆ ಹಣ ನಿಮ್ಮ ಕಡೆಗೆ ಹರಿಯಬೇಕಾದರೆ ಮೊದಲನೆಯ ಕೈ ನಿಮ್ಮದಾಗಿರಬೇಕು, ಮತ್ತು ಅದು ನಿಮ್ಮದಾಗಿರುವಾಗ ಬೆಲೆ ಪೂರ್ತಿ ಕೇಳಬೇಕು.

ಮೊದಲನೆಯ ತಪ್ಪು ಎಲೆ ಹಂಚಿದ ಕೂಡಲೇ ನಡೆಯುತ್ತದೆ. ಹೋಲ್ಡೆಮ್‌ನಲ್ಲಿ ಕೈಗೆ ಬರಬಹುದಾದ ಎರಡೆಲೆಯ ಜೋಡಣೆಗಳು 1,326. ಒಮಾಹಾದಲ್ಲಿ ನಾಲ್ಕೆಲೆಯ ಜೋಡಣೆಗಳು 2,70,725. ಕೈಯಿಂದ ಎರಡೇ, ಮೇಜಿನಿಂದ ಮೂರೇ ಎಲೆ ಬಳಸಬೇಕೆಂಬ ನಿಯಮವಿರುವುದರಿಂದ ನಾಲ್ಕು ಎಲೆ ಎಂದರೆ ಆರು ಜೋಡಿಗಳು. ಆರೂ ಜೋಡಿ ದುಡಿಯಬೇಕು. ರಾಜ, ರಾಣಿ, ಗುಲಾಮಗಳ ಜೊತೆಗೆ ಸಂಬಂಧವಿಲ್ಲದ ಒಂದು 3 ಬಂದಿತೆಂದರೆ, ಆ 3 ಸೇರಿರುವ ಮೂರು ಜೋಡಿಗಳೂ ಹೋದಂತೆ. ನೀವು ಅರ್ಧ ಕೈಯಲ್ಲಿ ಆಡುತ್ತಿದ್ದೀರಿ. ನೀವು ಅಡಿಕೆ ಬೆಳೆಗಾರರಾದ್ದರಿಂದ ಇದನ್ನು ನಿಮ್ಮ ಮಾತಿನಲ್ಲೇ ಹೇಳುತ್ತೇನೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವವರು ಚೀಲದ ಮೇಲ್ಭಾಗದ ನಾಲ್ಕು ಕಾಯಿ ನೋಡಿ ಬೆಲೆ ಹೇಳುವುದಿಲ್ಲ, ಒಳಗೆ ಕೈ ಹಾಕಿ ನೋಡುತ್ತಾರೆ. ಸರಕಿನ ಚೀಲದಲ್ಲಿ ಕಾಲು ಭಾಗ ಗೊರಬಲು ಬೆರೆತಿದ್ದರೆ ಅದಕ್ಕೆ ಸರಕಿನ ಬೆಲೆ ಬರುವುದಿಲ್ಲ. ನಿಮ್ಮ ಮೇಜಿನ ಐವರು ಮೇಲ್ಭಾಗದ ಎಲೆ ನೋಡಿ ಬೆಲೆ ಕಟ್ಟುತ್ತಿದ್ದಾರೆ. ಒಂದೇ ಜಾತಿಯ ನಾಲ್ಕು ಎಲೆ ಬಂದರೆ ಹಿಗ್ಗುತ್ತಾರೆ. ವಾಸ್ತವದಲ್ಲಿ ಫ್ಲಶ್ ಆಗಲು, ಎಂದರೆ ಒಂದೇ ಜಾತಿಯ ಐದು ಎಲೆ ಸೇರಲು, ತಮಗೆ ಬೇಕಾದ ಎಲೆಗಳಲ್ಲಿ ಎರಡನ್ನು ತಾವೇ ಹಿಡಿದು ಕೂತಿರುತ್ತಾರೆ. ಫ್ಲಾಪ್‌ನಲ್ಲಿ ಅದೇ ಜಾತಿಯ ಎರಡು ಬಿದ್ದಾಗ ಎರಡೆಲೆ ಹಿಡಿದವರಿಗೆ ಒಂಬತ್ತು ಔಟ್ಸ್, ನಾಲ್ಕೆಲೆ ಹಿಡಿದವರಿಗೆ ಏಳು. ಮೂರು ರಾಜ ಬಂದರಂತೂ ರಮ್ಮಿಯ ನೆನಪಿನಲ್ಲಿ ಸಂತೋಷವೇ ಸಂತೋಷ. ಒಮಾಹಾದಲ್ಲಿ ಅದು ಕೆಟ್ಟ ಕೈ, ಏಕೆಂದರೆ ಸೆಟ್ (ಕೈಯ ಜೋಡಿಗೆ ಮೇಜಿನಿಂದ ಮೂರನೆಯದು ಸೇರುವುದು) ಆಗಲು ಇನ್ನು ಉಳಿದಿರುವುದು ಒಂದೇ ರಾಜ.

ಈ ತಪ್ಪಿನ ಲಾಭ ಪಡೆಯುವ ಕ್ರಮವೆಂದರೆ ಇಸ್ಪೀಟ್ ಎಕ್ಕ, ಇಸ್ಪೀಟ್ 10, ಆಟೀನ್ ಗುಲಾಮ, ಆಟೀನ್ 9ರಂತಹ ಕೈ ಬಂದಾಗ ಪಾಟ್ ಬೆಳೆಸುವುದು. ನಿಮ್ಮ ಆಟದಲ್ಲಿ ಇಬ್ಬರು 10 ರೂಪಾಯಿ ಕೊಟ್ಟು ಒಳಬಂದ ಮೇಲೆ ನಿಮ್ಮ ಸರದಿ ಬಂದರೆ, ಪಾಟ್ ಲಿಮಿಟ್ ಲೆಕ್ಕದಲ್ಲಿ ಗರಿಷ್ಠ 55 ರೂಪಾಯಿಯವರೆಗೆ ರೇಸ್ ಮಾಡಬಹುದು. ಮೇಜಿನ ಮೇಲೆ 35 ಇದೆ, ನಿಮ್ಮ ಕಾಲ್‌ನ 10 ಸೇರಿ 45, ಅದರ ಮೇಲೆ 45. ಇದರ ಉದ್ದೇಶ ಯಾರನ್ನೂ ಓಡಿಸುವುದಲ್ಲ. ಅವರು ಓಡುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಕೆಟ್ಟ ಕೈಗಳು ದುಬಾರಿ ಬೆಲೆಗೆ ಒಳಬರಲಿ ಎಂಬುದೇ ಉದ್ದೇಶ. ಎರಡು ಎಕ್ಕ, ರಾಜ, 4 ಇರುವ ನಿಮ್ಮ ಕೈ ಹಾಗಲ್ಲ. ಎಕ್ಕದ ಜೋಡಿ ಸುಮಾರು 40 ಬಾರಿಗೆ ಒಮ್ಮೆ ಬರುತ್ತದೆ, ಆದ್ದರಿಂದ ಬಂದಾಗ ಬಿಡಲು ಮನಸ್ಸಾಗುವುದಿಲ್ಲ. ಆದರೆ ಫ್ಲಾಪ್‌ನಲ್ಲಿ ಮೂರನೆಯ ಎಕ್ಕ ಬೀಳುವುದು ನೂರಕ್ಕೆ 12 ಬಾರಿ ಮಾತ್ರ, ಮತ್ತು ಆ ಕೈಗೆ ಫ್ಲಶ್‌ನ ಆಸರೆಯೂ ಸ್ಟ್ರೇಟ್‌ನ ಆಸರೆಯೂ ಇರಲಿಲ್ಲ. ಐದು ಜನರ ಎದುರು, ಎಂದರೆ ಮೂವತ್ತು ಜೋಡಿಗಳ ಎದುರು, ಬರೀ ಎಕ್ಕದ ಜೋಡಿಯಿಂದ 9, 8 ಇರುವ ಫ್ಲಾಪ್‌ನಲ್ಲಿ ಪಾಟ್ ಕಟ್ಟಬಾರದು; ಚೆಕ್ ಮಾಡಿ (ಹಣ ಕಟ್ಟದೆ ಸರದಿ ಮುಂದೆ ಕೊಟ್ಟು), ಯಾರಾದರೂ ಗಟ್ಟಿಯಾಗಿ ಕಟ್ಟಿದರೆ ಬಿಟ್ಟುಬಿಡಬೇಕು. ಫ್ಲಾಪ್‌ಗೆ ಮೊದಲೇ ನಿಮ್ಮ ಚಿಪ್ಸ್‌ನ ಅರ್ಧದಷ್ಟು ಒಳಗೆ ಹೋಗುವಂತಿದ್ದರೆ ಮಾತು ಬೇರೆ, ಆಗ ಎಕ್ಕದ ಜೋಡಿಯನ್ನು ಪೂರ್ತಿ ನಂಬಬಹುದು. 1,000ದಲ್ಲಿ 50 ಮಾತ್ರ ಹೋಗಿ 950 ಹಿಂದೆ ಉಳಿದಿರುವಾಗ ನಂಬಬಾರದು.

ಎರಡನೆಯ ತಪ್ಪು, ನನ್ನ ಅನುಭವದಲ್ಲಿ ಅತಿ ಹೆಚ್ಚು ಹಣ ಕೈಬದಲಿಸುವುದು ಇದರಿಂದಲೇ, ದೊಡ್ಡದಲ್ಲದ ಫ್ಲಶ್. ರಾಣಿಯ ಫ್ಲಶ್, ಹತ್ತರ ಫ್ಲಶ್ ಹಿಡಿದವರು ಹೋಲ್ಡೆಮ್‌ನಲ್ಲಿ ನಿಶ್ಚಿಂತೆಯಿಂದ ಇರಬಹುದು. ಒಮಾಹಾದಲ್ಲಿ ಆರು ಜನ ಫ್ಲಾಪ್ ನೋಡಿದ್ದರೆ ಅದೇ ಜಾತಿಯ ಇನ್ನೆರಡು ಎಲೆ ಮತ್ತೊಬ್ಬರಲ್ಲಿ ಇರುವುದು ದಿನನಿತ್ಯದ ಮಾತು. ಆದರೂ ಫ್ಲಶ್ ಆದ ಮೇಲೆ ಅದನ್ನು ಕೆಳಗಿಡುವುದು ಮನುಷ್ಯನಿಗೆ ಕಷ್ಟ. ಆದ್ದರಿಂದ ಎಕ್ಕದ ಜೊತೆ ಅದೇ ಜಾತಿಯ ಇನ್ನೊಂದು ಎಲೆ ಇರುವ ಕೈಗಳಿಗೆ ಇಂಥ ಮೇಜಿನಲ್ಲಿ ವಿಶೇಷ ಬೆಲೆ ಇದೆ. ಮೂರನೆಯ ಎಲೆ ಬಿದ್ದು ನಿಮ್ಮ ಎಕ್ಕದ ಫ್ಲಶ್ ಪೂರ್ಣವಾದಾಗ, ಮೇಜಿನ ಮೇಲೆ ಜೋಡಿ ಇಲ್ಲದಿದ್ದರೆ, ಹಿಂಜರಿಯದೆ ಪೂರ್ತಿ ಪಾಟ್ ಕಟ್ಟಿ. ಅನೇಕರು ಇಲ್ಲಿ ಎದುರಾಳಿ ಓಡಿಹೋಗುತ್ತಾನೆಂದು ಹೆದರಿ ಕಾಲು ಪಾಟ್ ಕಟ್ಟುತ್ತಾರೆ. ರಾಜನ ಫ್ಲಶ್ ಹಿಡಿದವರು 100 ರೂಪಾಯಿಗೆ ಹೇಗೆ ಕಾಲ್ ಮಾಡುತ್ತಾರೋ 400ಕ್ಕೂ ಹಾಗೆಯೇ ಮಾಡುತ್ತಾರೆ. ನೂರೇ ಕೇಳಿದರೆ ಉಳಿದ 300ನ್ನು ನೀವಾಗಿಯೇ ಬಿಟ್ಟುಕೊಟ್ಟಂತೆ.

ಇದೇ ತಪ್ಪನ್ನು ನಾನು ಮಾಡಿದ ಒಂದು ರಾತ್ರಿಯನ್ನು ಇನ್ನೂ ಮರೆತಿಲ್ಲ. ಪಣಜಿಯಲ್ಲಿ, ಮಾಂಡೋವಿ ನದಿಯ ಮೇಲೆ ನಿಂತಿರುವ ಕ್ಯಾಸಿನೊ ಹಡಗೊಂದರಲ್ಲಿ, ನನ್ನ ಕೈಯಲ್ಲಿ ಇಸ್ಪೀಟ್ ರಾಜ ಮತ್ತು ಇಸ್ಪೀಟ್ 8. ರಿವರ್‌ನಲ್ಲಿ ಮೂರನೆಯ ಇಸ್ಪೀಟ್ ಬಿತ್ತು. ನನ್ನ ಬಲಗಡೆ ಕುಳಿತಿದ್ದ ಹಿರಿಯರು ಅದುವರೆಗೆ ಎರಡು ಗಂಟೆಯಲ್ಲಿ ಒಮ್ಮೆಯೂ ತಾವಾಗಿ ಬೆಟ್ ಮಾಡಿದವರಲ್ಲ, ಬರೀ ಕಾಲ್ ಮಾಡುತ್ತಿದ್ದವರು. ಈಗ ತಮ್ಮ ಚಿಪ್ಸ್‌ಗಳನ್ನು ಎರಡು ಸಮನಾದ ಗುಡ್ಡೆಗಳಾಗಿ ಜೋಡಿಸಿ ಎರಡೂ ಕೈಯಿಂದ ನಿಧಾನವಾಗಿ ಮುಂದೆ ತಳ್ಳಿದರು. ಆ ಕೈಗಳು ನಡುಗುತ್ತಿರಲಿಲ್ಲ. ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಆದರೂ ನನ್ನದು ಎರಡನೆಯ ಅತಿ ದೊಡ್ಡ ಫ್ಲಶ್ ಎಂಬ ಒಂದೇ ವಿಚಾರದಲ್ಲಿ ಕಾಲ್ ಮಾಡಿದೆ. ಅವರು ಇಸ್ಪೀಟ್ ಎಕ್ಕ ತಿರುಗಿಸಿದರು. ಎರಡು ಗಂಟೆ ಸುಮ್ಮನಿದ್ದವರು ರಿವರ್‌ನಲ್ಲಿ ಪಾಟ್ ಕಟ್ಟಿದರೆ ಅದಕ್ಕೆ ಒಂದೇ ಅರ್ಥ ಎಂಬುದನ್ನು ಅಂದು ದುಡ್ಡು ಕೊಟ್ಟು ಕಲಿತೆ.

ನಿಮ್ಮ ಮೇಜಿನಲ್ಲಿಯೂ ಅಂಥವರು ಇರುತ್ತಾರೆ, ಮತ್ತು ಅವರ ವಿರುದ್ಧ ಲಾಭ ಎಂದರೆ ಮುಖ್ಯವಾಗಿ ಕೊಡಬೇಕಾಗಿಲ್ಲದ ಹಣವನ್ನು ಕೊಡದಿರುವುದು. ಸದಾ ಕಾಲ್ ಮಾಡುವವರು ಬ್ಲಫ್ ಮಾಡುವುದು ಬಹಳ ಅಪರೂಪ. ಸಾಗರದ ಕಡೆಯ ಒಂದು ಮನೆಯಲ್ಲಿ ನಾನು ಆಡುತ್ತಿದ್ದಾಗ ಒಬ್ಬ ಹಿರಿಯರಿಗೆ ಕವಳ ಹಾಕುವ ಅಭ್ಯಾಸವಿತ್ತು; ಆಡುತ್ತಲೇ ಅಡಕತ್ತರಿಯಿಂದ ಅಡಿಕೆ ಹೋಳು ಮಾಡುತ್ತಿರುತ್ತಿದ್ದರು. ಅಡಕತ್ತರಿಯನ್ನು ತಟ್ಟೆಯಲ್ಲಿಟ್ಟು ಎರಡೂ ಕೈ ಮೇಜಿನ ಮೇಲೆ ತಂದರೆಂದರೆ ಅವರಲ್ಲಿ ನಟ್ಸ್ (ಆ ಹೊತ್ತಿಗೆ ಸಾಧ್ಯವಿರುವ ಅತ್ಯುತ್ತಮ ಕೈ) ಇದೆ ಎಂದರ್ಥ. ಒಂದು ಮಳೆಗಾಲವಿಡೀ ನಾನು ನೋಡಿದ್ದೇನೆ, ಈ ಸೂಚನೆ ಒಮ್ಮೆಯೂ ಸುಳ್ಳಾಗಲಿಲ್ಲ. ನಿಮ್ಮ ಐವರೂ ನಿಮಗೆ ವರ್ಷಗಳಿಂದ ಗೊತ್ತಿರುವವರು. ನೀವು ಕೈಯಲ್ಲಿ ಇಲ್ಲದ ಹೊತ್ತಿನಲ್ಲಿ ಮೊಬೈಲ್ ನೋಡದೆ ಅವರನ್ನು ನೋಡಿ. ಯಾರು ಯಾವ ಕೈಗೆ ಎಷ್ಟು ಕಟ್ಟಿದರು ಎಂಬುದನ್ನು ಎಲೆ ತಿರುಗಿಸಿದಾಗ ಹೊಂದಿಸಿ ನೆನಪಿಡಿ.

ಮೂರನೆಯ ತಪ್ಪು ಬೆಟ್‌ನ ಗಾತ್ರದ್ದು, ಮತ್ತು ಇದರಲ್ಲಿ ಬೆಲೆ ಎಂಬ ಮಾತು ಅಂಕಿಗಳಲ್ಲಿ ಸ್ಪಷ್ಟವಾಗುತ್ತದೆ. ಫ್ಲಾಪ್‌ನಲ್ಲಿ ನಿಮಗೆ ಸ್ಟ್ರೇಟ್ ಆಗಿದೆ, ಎದುರಾಳಿಯಲ್ಲಿ ಸೆಟ್ ಇದೆ ಎಂದಿಟ್ಟುಕೊಳ್ಳಿ. ಎರಡು ಎಲೆ ಬಾಕಿ ಇರುವಾಗ ಅವರು ಫುಲ್ ಹೌಸ್ ಅಥವಾ ಅದಕ್ಕಿಂತ ಮೇಲಿನದನ್ನು ತಲುಪುವ ಸಾಧ್ಯತೆ ನೂರಕ್ಕೆ ಸುಮಾರು 35. ಪಾಟ್‌ನಷ್ಟು ಕಟ್ಟಿದ ಬೆಟ್‌ಗೆ ಕಾಲ್ ಮಾಡಲು ಬೇಕಾದದ್ದು ನೂರಕ್ಕೆ 33. ಹೀಗಾಗಿ ಫ್ಲಾಪ್‌ನಲ್ಲಿ ಅವರ ಕಾಲ್ ತಪ್ಪೆನ್ನಲಾಗದು. ಟರ್ನ್‌ನಲ್ಲಿ ಮೇಜಿನ ಮೇಲೆ ಜೋಡಿ ಆಗದ ಎಲೆ ಬಿದ್ದಿತೆಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಅವರಿಗೆ ಕಾಣದ 44 ಎಲೆಗಳಲ್ಲಿ ಸಹಾಯಕ್ಕೆ ಬರುವುದು ಹತ್ತು, ಅಂದರೆ ನೂರಕ್ಕೆ 23. ಪಾಟ್ 600 ಇದ್ದು ನೀವು 600 ಕಟ್ಟಿದರೆ, ಅವರು 600 ಕೊಟ್ಟು 1,800ರಲ್ಲಿ ಪಡೆಯುವ ಪಾಲು ಸರಾಸರಿ 410 ರೂಪಾಯಿ. ಪ್ರತಿ ಕಾಲ್‌ಗೆ 190 ರೂಪಾಯಿ ನಷ್ಟ. ಅದೇ ನೀವು 300 ಕಟ್ಟಿದರೆ ಅವರ ಪಾಲು 273, ನಷ್ಟ 27 ಮಾತ್ರ. ಕೈ ಅದೇ, ಎಲೆ ಅದೇ, ಕಾಲ್ ಮಾಡುವವರೂ ಅವರೇ. ನಿಮ್ಮ ಬೆಟ್ ಅರ್ಧವಾದದ್ದಕ್ಕೆ ಅವರ ತಪ್ಪಿನ ಬೆಲೆ ಏಳರಲ್ಲಿ ಒಂದು ಪಾಲಾಯಿತು. ಫ್ಲಶ್‌ಗಾಗಿ ಕಾಯುವವರಿಗೂ ಇದೇ ಲೆಕ್ಕ: ಒಂಬತ್ತು ಔಟ್ಸ್‌ಗೆ ಫ್ಲಾಪ್‌ನಿಂದ ರಿವರ್‌ವರೆಗೆ ನೂರಕ್ಕೆ 36, ಟರ್ನ್‌ನಿಂದ ಮುಂದೆ 20. ಸಣ್ಣ ಮೊತ್ತದ ಮೇಜುಗಳಲ್ಲಿ ಟರ್ನ್‌ನ ಕಾಲ್‌ನಷ್ಟು ದೊಡ್ಡ ತಪ್ಪು ಮತ್ತೊಂದಿಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ, ಮತ್ತು ಅಲ್ಲಿ ಅರ್ಧ ಪಾಟ್ ಕಟ್ಟಿ ಅದನ್ನು ಕ್ಷಮಿಸಿಬಿಡುವವರನ್ನೇ ಹೆಚ್ಚು ಕಂಡಿದ್ದೇನೆ. ಆದರೆ ಒಂದು ಷರತ್ತು. ರಿವರ್‌ನಲ್ಲಿ ಮೇಜಿನ ಮೇಲೆ ಜೋಡಿಯಾಗಿ, ಅದುವರೆಗೆ ಕಾಲ್ ಮಾಡುತ್ತಿದ್ದವರು ತಾವೇ ಬೆಟ್ ಮಾಡಿದರೆ, ನಿಮ್ಮ ಸ್ಟ್ರೇಟ್ ಎಷ್ಟೇ ದೊಡ್ಡದಾಗಿದ್ದರೂ ಕೆಳಗಿಡಬೇಕು. ಟರ್ನ್‌ನಲ್ಲಿ ಗಳಿಸಿದ 190ನ್ನು ರಿವರ್‌ನಲ್ಲಿ ಹಿಂದಕ್ಕೆ ಕೊಡುವುದಾದರೆ ಈ ಲೆಕ್ಕಕ್ಕೆಲ್ಲ ಅರ್ಥವಿಲ್ಲ.

ನಾಲ್ಕನೆಯದು ಸ್ವಲ್ಪ ಸೂಕ್ಷ್ಮ. ಫ್ಲಾಪ್‌ನಲ್ಲಿ ಆಟೀನ್ 10, ಆಟೀನ್ 9, ಕಳಾವರ್ 8 ಬಿದ್ದಿದೆ. ರಾಣಿ ಮತ್ತು ಗುಲಾಮ ಹಿಡಿದವರಿಗೆ ಅದು ನಟ್ಸ್. ಇಂಥ ಹೊತ್ತಿನಲ್ಲಿ ಒಂದೇ ಸ್ಟ್ರೇಟ್ ಇಬ್ಬರಲ್ಲಿ ಇರುವುದು ಒಮಾಹಾದಲ್ಲಿ ಮಾಮೂಲು. ನಿಮ್ಮ ಉಳಿದೆರಡು ಎಲೆ ಆಟೀನ್ ಎಕ್ಕ ಮತ್ತು ಆಟೀನ್ 5. ಎದುರಾಳಿಯ ಉಳಿದೆರಡು ಎಲೆ ಯಾವ ಕೆಲಸಕ್ಕೂ ಬಾರದವು, ಅವರಲ್ಲಿ ಆಟೀನ್ ಇಲ್ಲ ಎಂದುಕೊಳ್ಳೋಣ. ಇಬ್ಬರಿಗೂ ತಮ್ಮದೇ ಮೇಲಿನ ಕೈ ಎಂಬ ಭಾವನೆ, ಇಬ್ಬರೂ ಕೊನೆಯ ಚಿಪ್‌ವರೆಗೆ ಇಡುತ್ತಾರೆ. ಈಗ ನೂರಕ್ಕೆ ಸುಮಾರು 40 ಬಾರಿ ಆಟೀನ್ ಬಿದ್ದು ನೀವು ಪೂರ್ತಿ ಗೆಲ್ಲುತ್ತೀರಿ, ಉಳಿದ 60 ಬಾರಿ ಪಾಟ್ ಸಮನಾಗಿ ಹಂಚಿಕೆಯಾಗುತ್ತದೆ. 2,000 ರೂಪಾಯಿಯ ಪಾಟ್‌ನಲ್ಲಿ ನಿಮ್ಮ ಸರಾಸರಿ ಪಾಲು 1,400ರ ಹತ್ತಿರ, ಅವರದು 600. ಅವರು ಸೋಲಬಹುದು ಅಥವಾ ಹಂಚಿಕೊಳ್ಳಬಹುದು, ಗೆಲ್ಲುವಂತಿಲ್ಲ. ನಿಮ್ಮ ಸ್ನೇಹಿತರು ಸ್ಟ್ರೇಟ್ ಆಯಿತೆಂದು ನೋಡುತ್ತಾರೆ, ಅದರ ಹಿಂದೆ ಇನ್ನೇನಿದೆ ಎಂದು ನೋಡುವುದಿಲ್ಲ. ಹೀಗಾಗಿ ಫ್ಲಶ್‌ನ ಅಥವಾ ಮೇಲಿನ ಸ್ಟ್ರೇಟ್‌ನ ಆಸರೆ ಇರುವ ನಟ್ಸ್ ನಿಮ್ಮದಾದರೆ ಎಷ್ಟು ಸಾಧ್ಯವೋ ಅಷ್ಟು ಬೇಗ ಹಣ ಒಳಗೆ ಹೋಗಲಿ. ಬರೀ ಸ್ಟ್ರೇಟ್ ಮಾತ್ರ ನಿಮ್ಮದಾಗಿ, ಇಬ್ಬರು ಮೂವರು ಉತ್ಸಾಹದಿಂದ ರೇಸ್ ಮಾಡುತ್ತಿದ್ದರೆ, ಫ್ಲಾಪ್‌ನಲ್ಲಿ ಕಾಲ್ ಮಾತ್ರ ಮಾಡಿ ಟರ್ನ್ ನೋಡುವುದು ಮೇಲು.

ಬ್ಲಫ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೇಜಿನ ಮೇಲೆ ಮೂರು ಇಸ್ಪೀಟ್ ಇದ್ದು ನಿಮ್ಮಲ್ಲಿ ಇಸ್ಪೀಟ್ ಎಕ್ಕ ಒಂಟಿಯಾಗಿ ಇದ್ದರೆ ಅತಿ ದೊಡ್ಡ ಫ್ಲಶ್ ಯಾರಲ್ಲೂ ಇಲ್ಲ ಎಂದು ನಿಮಗೊಬ್ಬರಿಗೇ ಗೊತ್ತು. ದೊಡ್ಡ ಮೊತ್ತದ ಆಟಗಳಲ್ಲಿ ಇದನ್ನು ಹಿಡಿದು ಬ್ಲಫ್ ಮಾಡುತ್ತಾರೆ. ಆದರೆ ಅದು ಫಲಿಸಬೇಕಾದರೆ ರಾಜನ ಫ್ಲಶ್ ಹಿಡಿದವರು ಅದನ್ನು ಬಿಡಲು ಸಿದ್ಧರಿರಬೇಕು. ಬಿಡುವುದಿಲ್ಲ ಎಂಬುದೇ ನಿಮ್ಮ ದೂರು. ನಿಮ್ಮ ಮೇಜಿನಲ್ಲಿ ಸದ್ಯಕ್ಕೆ ಬ್ಲಫ್ ಬೇಡ. ಸರದಿಯ ವಿಷಯದಲ್ಲಿಯೂ ಒಂದೇ ಮಾತು: ಕೊನೆಯಲ್ಲಿ ಮಾತಾಡುವ ಜಾಗದಲ್ಲಿದ್ದಾಗ ಇನ್ನೂ ಒಂದಷ್ಟು ಕೈಗಳನ್ನು ಸೇರಿಸಿಕೊಳ್ಳಿ, ಮೊದಲು ಮಾತಾಡುವ ಜಾಗದಲ್ಲಿದ್ದಾಗ ಅವನ್ನೇ ಬಿಡಿ.

ಒಂದು ತಪ್ಪನ್ನು ಮಾತ್ರ ದಯವಿಟ್ಟು ಬಳಸಿಕೊಳ್ಳಬೇಡಿ. ಹೋಲ್ಡೆಮ್‌ನಿಂದ ಬಂದವರು ಎರಡೆಲೆಯ ನಿಯಮವನ್ನು ಮರೆಯುತ್ತಾರೆ. ಮೇಜಿನ ಮೇಲೆ ನಾಲ್ಕು ಇಸ್ಪೀಟ್ ಇದ್ದು ಕೈಯಲ್ಲಿ ಒಂದೇ ಇಸ್ಪೀಟ್ ಇದ್ದರೆ ಫ್ಲಶ್ ಆಗುವುದಿಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ಹಾಗೆಯೇ ತಮ್ಮ ಕೈಯಲ್ಲಿರುವ ಸ್ಟ್ರೇಟ್ ಕಾಣದೆ ಗೆದ್ದ ಪಾಟ್ ಬಿಟ್ಟುಕೊಡುತ್ತಾರೆ. ಕೊನೆಯಲ್ಲಿ ಎಲೆ ತಿರುಗಿಸಿ ಇಟ್ಟ ಮೇಲೆ ಎಲೆಗಳೇ ಮಾತಾಡಬೇಕು, ಯಾರು ಏನೆಂದು ಘೋಷಿಸಿದರು ಎಂಬುದು ಲೆಕ್ಕಕ್ಕಿಲ್ಲ. ಅಂಥ ಹೊತ್ತಿನಲ್ಲಿ ಪಾಟ್ ನಿಮ್ಮ ಕಡೆಗೆ ಬರುತ್ತಿದ್ದರೂ ಗೆದ್ದವರು ಯಾರೆಂದು ನೀವೇ ಬಾಯಿಬಿಟ್ಟು ಹೇಳಿ. ಟರ್ನ್‌ನಲ್ಲಿ ತಪ್ಪು ಕಾಲ್ ಮಾಡಿದವರ ಹಣ ಆಟದೊಳಗೆ ಗೆದ್ದದ್ದು, ನಿಯಮ ತಿಳಿಯದವರ ಹಣ ಹಾಗಲ್ಲ. ಒಂದೇ ಊರಿನಲ್ಲಿ, ಒಂದೇ ಸೊಸೈಟಿಯಲ್ಲಿ, ಮದುವೆ ಮನೆಗಳಲ್ಲಿ ನಾಳೆ ಮುಖ ನೋಡಬೇಕಾದವರ ನಡುವೆ ಈ ವ್ಯತ್ಯಾಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ತಲೆಗೆ 1,000 ಎಂಬ ಮಿತಿಯನ್ನು ಸೋತವರು ರಾತ್ರಿ ಹನ್ನೊಂದಕ್ಕೆ ಹೆಚ್ಚಿಸೋಣ ಎಂದಾಗಲೂ ಹೆಚ್ಚಿಸಬೇಡಿ.

ಅಭ್ಯಾಸಕ್ಕೆಂದು ಮೊಬೈಲ್ ಆ್ಯಪ್‌ಗಳಲ್ಲಿ ಹಣ ಕಟ್ಟಿ ಆಡುವ ಯೋಚನೆ ನಿಮಗಿದ್ದರೆ ಬಿಟ್ಟುಬಿಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದ್ದಾಗಿರಲಿ ಅದೃಷ್ಟದ್ದಾಗಿರಲಿ, ನಿಷೇಧಿಸಿದೆ. ಮನೆಯ ಆಟದಲ್ಲಿಯೂ ಜಾಗ ಕೊಟ್ಟವರು ಪಾಟ್‌ನಿಂದ ಪಾಲು ತೆಗೆಯುವ ಪದ್ಧತಿ ಎಂದೂ ಬರಬಾರದು. ಹಾಗೆ ಪಾಲು ಪಡೆದು ಆಡಿಸುವ ಜಾಗವನ್ನು ಕಾನೂನು ಜೂಜಿನ ಅಡ್ಡೆ ಎಂದೇ ನೋಡುತ್ತದೆ. ಅಭ್ಯಾಸಕ್ಕೆ ಒಂದು ಕಟ್ಟು ಎಲೆ ಮತ್ತು ಒಂದು ನೋಟ್‌ಬುಕ್ ಸಾಕು. ಮಧ್ಯಾಹ್ನ ಬಿಡುವಿದ್ದಾಗ ನಾಲ್ಕು ಎಲೆ ಹಂಚಿಕೊಂಡು, ಮೂರು ಎಲೆ ಬಿಚ್ಚಿ, ಈ ಮೇಜಿನಲ್ಲಿ ನಟ್ಸ್ ಯಾವುದು, ಯಾವ ಯಾವ ಎಲೆ ಬಂದರೆ ಅದು ಬದಲಾಗುತ್ತದೆ ಎಂದು ಬರೆಯಿರಿ. ದಿನಕ್ಕೆ ಇಪ್ಪತ್ತು ಫ್ಲಾಪ್ ಹೀಗೆ ಬರೆದರೆ ಒಂದು ತಿಂಗಳಲ್ಲಿ ನಿಮ್ಮ ಕಣ್ಣು ತಾನಾಗಿಯೇ ಎರಡನೆಯ ಕೈಯನ್ನು ಗುರುತಿಸತೊಡಗುತ್ತದೆ. ವಾರದ ಆಟ ಮುಗಿದ ಮೇಲೆ ಎಷ್ಟು ಗೆದ್ದೆ ಎಷ್ಟು ಸೋತೆ ಎಂದಷ್ಟೇ ಬರೆಯದೆ, 100 ರೂಪಾಯಿಗಿಂತ ಹೆಚ್ಚು ಇಟ್ಟ ಪ್ರತಿ ಸಂದರ್ಭದಲ್ಲಿಯೂ ನಿಮ್ಮ ಸಾಧ್ಯತೆ ಎಷ್ಟಿತ್ತು ಎಂದು ಲೆಕ್ಕ ಹಾಕಿ ಬರೆಯಿರಿ. ಕಳೆದ ವಾರದ ಕೈ ಆ ಪುಸ್ತಕದಲ್ಲಿ ದುರದೃಷ್ಟವೆಂದು ದಾಖಲಾಗಬಾರದು.

ಇನ್ನು ಐದು ಎಲೆಯ ಒಮಾಹಾ. ಅಲ್ಲಿಯೂ ಕೈಯಿಂದ ಎರಡೇ ಎಲೆ ಬಳಸಬೇಕು, ಆದರೆ ಆರರ ಬದಲು ಹತ್ತು ಜೋಡಿಗಳಾಗುತ್ತವೆ. ಆರು ಜನರಿಗೆ ಹಂಚಿದರೆ 52ರಲ್ಲಿ 30 ಎಲೆ ಕೈಗಳಲ್ಲೇ ಇರುತ್ತವೆ. ಮೇಜಿನ ಮೇಲೆ ಸಾಧ್ಯವಿರುವ ನಟ್ಸ್ ಯಾರದೋ ಕೈಯಲ್ಲಿ ನಿಜವಾಗಿಯೂ ಇರುವ ಸಂಭವ ಬಹಳ ಹೆಚ್ಚುತ್ತದೆ, ರಾಜನ ಫ್ಲಶ್‌ನ ಬೆಲೆ ಇನ್ನಷ್ಟು ಕುಸಿಯುತ್ತದೆ, ಬರೀ ಎಕ್ಕದ ಜೋಡಿಗೆ ಬೆಲೆಯೇ ಉಳಿಯುವುದಿಲ್ಲ. ನಾಲ್ಕೆಲೆಯ ಆಟದಲ್ಲಿ ಅವರು ಮಾಡುವ ತಪ್ಪುಗಳೆಲ್ಲ ಅಲ್ಲಿ ಇನ್ನೂ ದುಬಾರಿಯಾಗುವುದರಿಂದ, ನಟ್ಸ್‌ಗಾಗಿ ಕಾಯುವ ತಾಳ್ಮೆ ಇರುವವರಿಗೆ ಅದು ಲಾಭದ ಆಟ. ಆದರೆ ಕಳೆದ ವಾರ 9, 8, 2ರ ಮೇಲೆ ಎಕ್ಕದ ಜೋಡಿಯಿಂದ 950 ರೂಪಾಯಿ ಇಟ್ಟ ನಿಮಗೂ ಅದು ಅಷ್ಟೇ ದುಬಾರಿಯಾಗುತ್ತದೆ. ನೋಟ್‌ಬುಕ್‌ನಲ್ಲಿ ಒಂದು ತಿಂಗಳ ಪುಟಗಳು ತುಂಬಲಿ. ಆ ತಿಂಗಳಲ್ಲಿ ಆಸರೆಯಿಲ್ಲದ ಎಕ್ಕದ ಜೋಡಿಯನ್ನು, ಎಕ್ಕವಿಲ್ಲದ ಫ್ಲಶ್ಶನ್ನು ನೀವು ಎಷ್ಟು ಬಾರಿ ಕೆಳಗಿಟ್ಟಿದ್ದೀರಿ ಎಂದು ಎಣಿಸಿ ನೋಡಿ, ಆಮೇಲೆ ಒಪ್ಪಿಕೊಳ್ಳಿ. ಅಲ್ಲಿಯವರೆಗೆ ನಾಲ್ಕೇ ಎಲೆ ಇರಲಿ ಎಂದು ಸ್ನೇಹಿತರಿಗೆ ಹೇಳಿ.